ಹಗರಿ ದಾಟುವಾಗ

ಬಳ್ಳಾರಿಯಿಂದ ಗುಂತಕಲ್ಲಿಗೆ ಪ್ಯಾಸೆಂಜರು.
ಕಿಟಕಿಯ ಸರಳಿಗೆ ಇನ್ನೂ ಬೆಳಗಿನ ತಂಪು.
ತಾಡಪತ್ರಿಯ ಕರಿಕಲ್ಲು ನೋಡಲು ಹೊರಟವನ ಚೀಲದಲ್ಲಿ
ಅಳತೆಪಟ್ಟಿ, ಸೀಮೆಸುಣ್ಣ,
ಎರಡು ಜೋಳದ ರೊಟ್ಟಿ, ಕೆಂಪಿಂಡಿ.

ನನ್ನ ಕಸುಬು ಕಲ್ಲನ್ನು ಮಾತಾಡಿಸುವುದು.
ಕುಷ್ಟಗಿಯ ಗ್ರಾನೈಟು ಹಲಗೆಯ ಮೇಲೆ
ನಡುಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರೆ
ಗಟ್ಟಿ ಕಲ್ಲು ಕಂಚಿನ ಹಾಗೆ ಅನ್ನುತ್ತದೆ,
ಒಳಗೆ ಬಿರುಕಿದ್ದರೆ ಕೆಮ್ಮುತ್ತದೆ.

ಹಾಗೆ ಕೆಮ್ಮಿದ ಹನ್ನೊಂದು ಹಲಗೆಗಳ ತಂಟೆಗೆ
ಒಮ್ಮೆ ನನ್ನನ್ನು ಸ್ವಿಟ್ಜರ್ಲೆಂಡಿಗೆ ಕಳಿಸಿದರು.
ಎಂಟು ದಿನ. ಮಾವನ ಮಗನ ಸ್ವೆಟರು.

ಗ್ಯೋಷೆನೆನ್ ಎಂದು ಕತ್ತಲೆ ಹೊಕ್ಕ ರೈಲು
ಐರೋಲೋ ಎಂದು ಬೆಳಕಿಗೆ ಬಂತು.
ಅಷ್ಟೇ. ನಾನು ನೆಟ್ಟಗೆ ಕೂತೆ.
ಬೆಟ್ಟದ ಆಚೆ ಪ್ರತಿ ಮಾತಿಗೂ ಅಗುಳಿ ಹಾಕಿದ್ದರು,
ಈಚೆ ಬಾಗಿಲು ತೆರೆದೇ ಇತ್ತು:
ಪಾನೆ, ಆಕ್ವಾ, ಪಿಯೆತ್ರಾ,
ನಮ್ಮ ರೊಟ್ಟಿ, ನೀರು, ಕಲ್ಲಿನಂತೆಯೇ
ಕೊನೆಗೊಂದು ಉಸಿರು ಬಿಟ್ಟು ನಿಲ್ಲುವ ಮಾತು.
ಅರ್ಥ ಆಮೇಲೆ ತಿಳಿಯಿತು.
ಆಗ ಬರೀ ತಟ್ಟಿ ನೋಡಿದೆ. ಗಟ್ಟಿ ಇತ್ತು.

ಫಾಯಿದೋ ಹತ್ತಿರ ಟಿಕೆಟಿನವನು ಬಂದು
ಪಾಸಿನ ಮೇಲಿನ ಹೆಸರು ಓದಿದ: "ಉಲುಗಪ್ಪಾ."
ಹ ಎಂಬುದು ಅವರ ನಾಲಿಗೆಗೆ ಹೊರಳದಂತೆ.
ನಮ್ಮವ್ವನಿಗೂ ಹೊರಳುತ್ತಿರಲಿಲ್ಲ.
ಮುನಿರಾಬಾದಿನ ಕಾಲುವೆ ದಂಡೆಗೆ ನಿಂತು
"ಉಣ್ಣಾಕ ಬಾರೋ ಉಲುಗ್ಯಾ" ಎಂದು ಕೂಗುತ್ತಿದ್ದಳು.
ಆ ಹ ಹಚ್ಚಿದ್ದು ಸಾಲಿ ಮಾಸ್ತರರ ಬೆತ್ತ.
ಅವ್ವ ಹೋದ ಮೇಲೆ ಯಾರೂ
ಹಾಗೆ ಕರೆದಿರಲಿಲ್ಲ, ಹನ್ನೆರಡು ವರ್ಷ.

ಕಿಟಕಿಯಾಚೆ ಕಲ್ಲುಚಪ್ಪಡಿ ಹೊದ್ದ ಮನೆಗಳು,
ನೆತ್ತಿಗೆ ಹಿಮ ಮೆತ್ತಿಕೊಂಡ ಬೆಟ್ಟ.
ಇದನ್ನೇ ನೋಡಲು ಜನ ಲಕ್ಷ ಸುರಿದು ಬರುತ್ತಾರೆ.
ನಾನು ನೋಡಲಿಲ್ಲ.
ಪಾಸನ್ನು ಇನ್ನೊಮ್ಮೆ ತೋರಿಸಲೇ ಎಂದುಕೊಂಡೆ.

ಇಲ್ಲಿ ಸುರಂಗವಿಲ್ಲ.
ಹಗರಿಯ ಸೇತುವೆ, ಕೆಳಗೆ ನೀರಿಗಿಂತ ಮರಳು ಹೆಚ್ಚು,
ಮರಳ ಮೇಲೆ ಟ್ರ್ಯಾಕ್ಟರು ಹೋದ ಗೆರೆ.
ಪರಮದೇವನಹಳ್ಳಿಯಲ್ಲಿ ಮೆಣಸಿನಕಾಯಿ ಚೀಲದ ಸಮೇತ ಹತ್ತಿದ ಖಾಸಿಂಬಿ
ಚೀಲ ಹೊತ್ತವನೊಡನೆ ತೆಲುಗಿನಲ್ಲಿ ಜಗಳಾಡಿ,
ಕನ್ನಡದಲ್ಲಿ ದುಡ್ಡು ಎಣಿಸಿ,
ಅಳುವ ಮೊಮ್ಮಗನನ್ನು ಉರ್ದುವಿನಲ್ಲಿ ಸುಮ್ಮನಾಗಿಸಿದಳು.
ನಡುವೆ ಎಲೆಅಡಿಕೆ ಉಗಿಯಲಿಕ್ಕೂ ನಿಲ್ಲಲಿಲ್ಲ.

ಎಲ್ಲಿ ಬದಲಾಯಿತು?
ಕಿವಿಗೊಟ್ಟೇ ಕೂತಿದ್ದೆ, ಕಸುಬಿನವನು ನಾನು.
ವೀರಾಪುರ ಹೋಯಿತು, ಬಂಟನಹಾಳು ಹೋಯಿತು,
ಶೇಂಗಾ ಶೇಂಗಾ ಎನ್ನುತ್ತಿದ್ದ ಹುಡುಗ ಅದ್ಯಾವಾಗಲೋ
ಶೆನಕ್ಕಾಯ ಎನ್ನತೊಡಗಿದ್ದ. ಬುಟ್ಟಿ ಅದೇ, ಬೆಲೆ ಅದೇ.
ಸೀಟಿನ ಹಲಗೆಯ ಮೇಲೆ ಗೆಣ್ಣು ತಾನಾಗಿ ತಟ್ಟುತ್ತಿತ್ತು.
ಎಲ್ಲೂ ಕೆಮ್ಮಲಿಲ್ಲ.

ರೊಟ್ಟಿ ಮುರಿದು ಹುಡುಗನಿಗೆ ಕೊಟ್ಟೆ.
"ನಿನ್ ಹೆಸರೇನಣ್ಣಾ?" ಎಂದಳು ಖಾಸಿಂಬಿ.
ಹ ಬಿಟ್ಟು ಹೇಳಿದೆ.