ಉತ್ತರದ ಗೋಡೆ

ಮೇಡಂ, ಮೂರು ಗೋಡೆ ಮುಗಿಸಿದೀನಿ.
ಮುಟ್ಟಿ ನೋಡಿ, ಮೊಟ್ಟೆ ಸಿಪ್ಪೆಯ ನುಣುಪು.
ಸುಣ್ಣ ಇಪ್ಪತ್ತೊಂದು ದಿನ ಕೊಳೆತಿದೆ,
ಅಳಲೆಕಾಯಿ, ಬೆಲ್ಲದ ನೀರು ಕುಡಿದಿದೆ.
ಸಿಮೆಂಟು ಒಂದು ಚಿಟಿಕೆಯೂ ಸೇರಿಲ್ಲ.

ಮುಂದಿನ ಆರು ಕಂಬಕ್ಕೂ ಹೊಸ ಗಾರೆ ಬಿತ್ತು.
ಕೆಜಿಎಫ್ ಪೂರಾ ಅವನ್ನ ಕಲ್ಲಿನವು ಅಂದುಕೊಂಡಿತ್ತು
ನೂರು ವರ್ಷ. ಕೆರೆದರೆ ಒಳಗೆ ಬರೀ ಇಟ್ಟಿಗೆ,
ನಮ್ಮ ಬೇತಮಂಗಲದ ಕೆರೆಮಣ್ಣು
ದೊರೆ ವೇಷ ಹಾಕಿ ನಿಂತಿದ್ದು.
ಮೇಲಿನ ತ್ರಿಕೋನದಲ್ಲಿ ಗೂಬೆ ಮರಿ ಮಾಡಿತ್ತು,
ಅವು ಹಾರೋ ತನಕ ಸಾರುವೆ ಕಟ್ಟಲಿಲ್ಲ.
ಒಂದು ವಾರ ತಡ ಆಗಿದ್ದು ಅದಕ್ಕೇ.

ಆದರೆ ಉತ್ತರದ ಗೋಡೆಗೆ ಕರಣೆ ಇಡಲ್ಲ.

ನಿಮ್ಮ ಪಟ್ಟಿಯಲ್ಲಿದೆ: ‘ಬಿರುಕು ಹದಿನೇಳು. ಮುಚ್ಚುವುದು.’
ಬನ್ನಿ, ಟಾರ್ಚು ಹಿಡೀತೀನಿ.
ಎರಡು ಪದರ ಡಿಸ್ಟೆಂಪರ್ ಕೆರೆದ ಮೇಲೆ ಸಿಕ್ಕಿದ್ದು:
ಒಂದೊಂದು ಬಿರುಕಿಗೂ ಅಡ್ಡಲಾಗಿ
ಬೆರಳಗಲದ ಗಾಜು. ಪಕ್ಕದಲ್ಲಿ ಪೆನ್ಸಿಲು,
ಅಕ್ಷರ ಕನ್ನಡದ್ದು, ಅಂಕಿ ಇಂಗ್ಲಿಷಿನದು.
‘ರಾತ್ರಿ 2.10. ಒಡೆಯಿತು. ಹಾಲಿನ ಪಾತ್ರೆ ಅಲುಗಿತು.’
‘ಬೆಳಗಿನ ಜಾವ. ನಾಯಿ ಮೊದಲೇ ಎದ್ದಿತ್ತು.’

ನಮ್ಮಜ್ಜಿ ಚೌಡಮ್ಮ ಇಲ್ಲಿ ಮುಸುರೆ ತಿಕ್ಕುತ್ತಿದ್ದಳು.
ಪರಾಂಕುಶಯ್ಯನೋರಿಗೆ ಕೊಂಚ ತಲೆ ಸರಿಯಿಲ್ಲ ಅನ್ನೋಳು.
ಗೋಡೆ ಬಿರಿದರೆ ಯಾರಾದರೂ ಓಡಿಬಂದು
ಪಂಚೆ ಎತ್ತಿ ಕಟ್ಟಿ, ಭೂತಗಾಜು ಹಿಡಿದು ಕೂರುತ್ತಾರಾ?
ಹೆಂಡತಿ ಸುಣ್ಣದ ಬಕೆಟ್ಟು ತಂದರೆ ಕೈ ಅಡ್ಡ ಚಾಚಿ
‘ಇದು ಮನೆಯಲ್ಲ ಕಣೇ, ಕಿವಿ’ ಅಂದಿದ್ದರಂತೆ.

ಏಳು ಸಾವಿರ ಅಡಿ ಕೆಳಗೆ ಬಂಡೆ ಸಿಡಿದರೆ
ಮೇಲೆ ಈ ಗೋಡೆಗೇ ಮೊದಲು ಗೊತ್ತಾಗೋದು.
ಸೈರನ್ನು ಆಮೇಲೆ.
ಹೆಂಗಸರು ಶಾಫ್ಟಿನ ಕಡೆ ಓಡೋದು
ಅದಕ್ಕೂ ಆಮೇಲೆ.

ಇದು ಕೊನೇ ಗಾಜು.
ಈ ಶಾಫ್ಟು ಮುಚ್ಚಿದ ವಾರದ ತಾರೀಕು, ಮುಂದೆ ಬರವಣಿಗೆ ಇಲ್ಲ.
ಒಡೆದಿಲ್ಲ, ನೋಡಿ.
ಕೆಳಗೆಲ್ಲ ನೀರು ತುಂಬಿದೆ ಅಂತಾರೆ.
ಭೂಮಿ ಮಲಗಿದೆಯೋ, ಉಸಿರು ಹಿಡಿದಿದೆಯೋ,
ಗಾರೆಯವನಿಗೆ ಹೇಗೆ ತಿಳೀಬೇಕು?
ಕೇಳೋನು ಹೋದ ಅಂತ
ಕಿವಿಗೆ ಗಾರೆ ತುಂಬೋದು ನನ್ನ ಕೈಲಾಗಲ್ಲ.

ಇನ್ನೂರ ಹತ್ತು ಚದರಡಿ ಬಿಲ್ಲಿನಲ್ಲಿ ಕಳೆಯಿರಿ.
ಉದ್ಘಾಟನೆಗೆ ಬಂದ ದೊಡ್ಡವರು ಮೂಗು ಮುರಿದರೆ
ಕದಿರಪ್ಪನಿಗೆ ಕೆಲಸ ಬರಲ್ಲ ಅಂದುಬಿಡಿ.
ಗಾಜಿನ ಮೇಲೆ ಸೈನೈಡ್ ದಿಬ್ಬದ ಧೂಳು ಕೂತಿತ್ತು,
ಟವಲಿನ ತುದೀಲಿ ಒರೆಸಿದೀನಿ, ಅಷ್ಟೇ.
ಅದಕ್ಕೆ ಕೂಲಿ ಬೇಡ.