ಪ್ರಶಸ್ತಿಪತ್ರದ ಕನ್ನಡ

ಕಲಬುರಗಿ. ಏಪ್ರಿಲ್. ಮಧ್ಯಾಹ್ನ ಮೂರು.
ಸೈನಿಕ ಕಲ್ಯಾಣ ಕಚೇರಿಯ ಫ್ಯಾನು
ಇದ್ದ ಬಿಸಿಯನ್ನೇ ಎಲ್ಲರಿಗೂ ಹಂಚುತ್ತಿದೆ.
ದಿಲ್ಲಿಯಿಂದ ಬಂದ ಒಂದೂವರೆ ಪುಟದ ಇಂಗ್ಲಿಷು
ನಾಳೆ ಬೆಳಿಗ್ಗೆಯೊಳಗೆ ಕನ್ನಡವಾಗಬೇಕು.
ರಂಗಮಂದಿರದಲ್ಲಿ ಸನ್ಮಾನ;
ಹಾರ ಆಗಲೇ ಬಂದು ಬಕೆಟ್ಟಿನ ನೀರಲ್ಲಿ ತೇಲುತ್ತಿದೆ.

ಮೇಜರ್ ರೇವಣಸಿದ್ಧ ಜಮಾದಾರ, ಸೇನಾ ಪದಕ. ಊರು ಶಹಾಬಾದ.
ಬರೆದೆ: ‘ಗುಂಡಿನ ಸುರಿಮಳೆಯ ನಡುವೆ’
(ಮಳೆ ಎಂದು ಬರೆಯುವಾಗ ಒಮ್ಮೆ ಕಿಟಕಿ ನೋಡಿದೆ).
ಬರೆದೆ: ‘ಬಂಡೆಯಿಂದ ಬಂಡೆಗೆ ತೆವಳಿ
ಎರಡು ಬಂಕರುಗಳನ್ನು ನಿಷ್ಕ್ರಿಯಗೊಳಿಸಿ’
ನಿಷ್ಕ್ರಿಯ ಅಂದರೆ ಒಳಗಿದ್ದವರು ಏನಾದರು ಎಂದು
ಪದಕೋಶ ಹೇಳುವುದಿಲ್ಲ.
ಬರೆದೆ: ‘ಗಾಯಗೊಂಡ ಒಬ್ಬ ಜವಾನನನ್ನು ಹೆಗಲ ಮೇಲೆ ಹೊತ್ತು,
ಪ್ರಾಣದ ಹಂಗು ತೊರೆದು’
ಇದಕ್ಕೆ ಯೋಚಿಸಲೇ ಇಲ್ಲ.
ಹದಿನಾರು ವರ್ಷದ ನೌಕರಿಯ ಬೆರಳು;
‘ಪ್ರಾಣದ’ ಒತ್ತಿದರೆ ಉಳಿದದ್ದು ತಾನೇ ಬರುತ್ತದೆ.

ಐದಕ್ಕೆ ಅವರೇ ಬಂದರು, ಫೋಟೋ ಕೊಡಲು.
ಸಾದಾ ಅಂಗಿ. ಎಡಗಾಲು ಚೂರು ಎಳೆಯುತ್ತದೆ.
ಮಡಕೆಯ ನೀರು ಕೇಳಿದರು.
ನಿಂತಲ್ಲೇ ಓದಿದರು, ಸಾಲಿನ ಕೆಳಗೆ ಬೆರಳಿಟ್ಟು,
ಶಾಲೆಯ ಹುಡುಗನ ಹಾಗೆ.
ಬೆರಳು ಒಂದು ಕಡೆ ನಿಂತಿತು.

“ಇದು ಹಂಗ ಆಗಿಲ್ರಿ ಮೇಡಂ.”
“ಯಾವುದು ಸರ್?”
“ಹಂಗು. ತೊರದಿಲ್ರಿ ನಾ.”

ಆಮೇಲೆ ಹೇಳಿದ್ದು ಇಷ್ಟು, ಅದೂ ಗೋಡೆ ನೋಡುತ್ತ:
ಆ ಜವಾನನಿಗೆ ಹೆಸರಿದೆ, ದತ್ತು ಖರಾತ.
ಹಿಂದಿನ ರಾತ್ರಿ ನೀರೆಲ್ಲ ಹೆಪ್ಪುಗಟ್ಟಿತ್ತು.
ಅವನು ಬಾಟಲಿಯನ್ನು ಅಂಗಿಯೊಳಗೆ ಹೊಟ್ಟೆಗೊತ್ತಿ ಮಲಗಿ
ಬೆಳಗಿನ ಜಾವ ಕರಗಿದ ಎರಡು ಗುಟುಕಿನಲ್ಲಿ
ಒಂದನ್ನು ಇವರಿಗೆ ಕೊಟ್ಟ.
“ಅದರ ಹಂಗು ಇತ್ರಿ.
ನಮ್ಮಪ್ಪ ಗಣಿಯಾಗ ಫರಸಿ ಹೊತ್ತಾಂವ.
ಹೆಗಲಿಗಿ ಏರಿದ ಕಲ್ಲು ನಡುವ ಇಳಸಬ್ಯಾಡ,
ಇಳಸಿದ್ರ ಮತ್ತ ಏಳೂದಿಲ್ಲ ಅಂತಿದ್ದ.
ಅದರದೂ ಇತ್ತು.
ಜೀವದ ಮ್ಯಾಲಿನ ಆಸೆ ಅಂತೂ ಭಾಳ ಇತ್ರಿ.
ಅಂಜಿಕಿ ಇಲ್ದಾಂವ ಅಷ್ಟು ಜೋರು ಓಡ್ತಾನೇನ್ರಿ?”
ನಕ್ಕರು.
ದತ್ತು ಬದುಕಿದನೇ ಎಂದು ನಾನು ಕೇಳಲಿಲ್ಲ,
ನನ್ನ ಒಂದೂವರೆ ಪುಟದಲ್ಲಿ ಅದಿರಲಿಲ್ಲ.
ಖಾಲಿ ಲೋಟವನ್ನು ತಾವೇ ತೊಳೆದು ಬೋರಲು ಹಾಕಿ ಹೋದರು.

ಮೂಲಕ್ಕೆ ಕೈಹಚ್ಚುವ ಅಧಿಕಾರ ನನಗಿಲ್ಲ.
ಹೆಸರು ಸೇರಿಸುವಂತಿಲ್ಲ. ನೀರು ಸೇರಿಸುವಂತಿಲ್ಲ.
ರಾತ್ರಿ ಎಂಟರವರೆಗೆ ಕೂತು ಒಂದೇ ಒಂದು ಪದ ಬದಲಿಸಿದೆ:
‘ಪ್ರಾಣದ ಹಂಗು ಹೊತ್ತು.’

ಮರುದಿನ ಮೈಕಿನ ಮುಂದೆ ನಿರೂಪಕ, ಕೈಯಲ್ಲಿ ನನ್ನದೇ ಹಾಳೆ.
ಕಣ್ಣು ಹಾಳೆಯ ಮೇಲಿತ್ತು, ನಾಲಿಗೆ ರೂಢಿಯ ಮೇಲೆ.
‘ಪ್ರಾಣದ ಹಂಗು ತೊರೆದು’ ಅಂದ, ಗಟ್ಟಿಯಾಗಿ;
ಚಪ್ಪಾಳೆ ಸರಿಯಾಗಿ ಅಲ್ಲಿಗೇ ಬಿತ್ತು.
ಹಾರದೊಳಗಿಂದ ಮೇಜರು
ಮೂರನೇ ಸಾಲಿನಲ್ಲಿ ನನ್ನನ್ನು ಹುಡುಕಿ
ಹುಬ್ಬು ಏರಿಸಿದರು: ಹಂಗ ಅದ ನೋಡ್ರಿ.

ಕಡತದ ಪ್ರತಿ ಸಾಹೇಬರ ಟೇಬಲ್ಲಿಗೆ ಹೋಗಿ ಬಂತು.
ಒಂದೇ ವಾಕ್ಯದಲ್ಲಿ ಎರಡು ಸಲ ‘ಹೊತ್ತು’.
ಎರಡನೆಯದರ ಸುತ್ತ ಕೆಂಪು ಶಾಯಿ:
ಪುನರುಕ್ತಿ ದೋಷ. ತಿದ್ದಿ ಮಂಡಿಸಿ.

ಮೂರು ವರ್ಷವಾಯಿತು. ಮಂಡಿಸಿಲ್ಲ.