ವಾಸನೆ ಹೇಳುವ ಕೆಲಸ

ಕುಂಬಳೆಯಲ್ಲಿ ಆರು ಪಥದ ರಸ್ತೆ ಮಾಡಿದವರು
ಬಿಟ್ಟುಹೋದ ಡಾಮರು ಡ್ರಮ್ಮು.
ಉದ್ದಕ್ಕೆ ಸೀಳಿಸಿ, ನಾಲ್ಕು ಕಾಲು ಹಚ್ಚಿಸಿ,
ಮೂರು ಸಂಜೆ ಬರೀ ಗೆರಟೆ ಉರಿಸಿದೆವು,
ರಸ್ತೆಯ ನೆನಪು ಅದರ ಮೈಯಿಂದ ಬಿಟ್ಟುಹೋಗಲೆಂದು.

ಬೋನಾ ಕುರ್ಚಿಯಲ್ಲಿ ಕೂತು ಹುಕುಂ ಕೊಡುತ್ತಾನೆ.
ನನ್ನ ಹೆಂಡತಿಯ ತಮ್ಮ. ಹದಿನಾಲ್ಕು ವರ್ಷ
ಪ್ರವಾಸಿಗರ ಹಡಗಿನ ಅಡುಗೆಮನೆಯಲ್ಲಿ
ದಿನಕ್ಕೆ ನಲವತ್ತು ಕಿಲೋ ಪಾಸ್ಟ್ರಾಮಿ ಕೊಯ್ದವನು,
ಕಡಲು ನೋಡಿದ್ದು ಸಿಗರೇಟು ಸೇದುವಾಗ ಮಾತ್ರ.
ಆ ವರ್ಷದ ಜ್ವರ ಎಲ್ಲರಿಂದ ಏನೇನೋ ಒಯ್ದಿತು;
ಇವನಿಂದ ಮೂಗು.
ಮುಖದಲ್ಲೇ ಇದೆ. ಕನ್ನಡಕ ಕೂರಲಿಕ್ಕೆ ಸಾಕು, ಅನ್ನುತ್ತಾನೆ.

ಅಂದುಂಞಿ ಎದೆಯ ತುಂಡು ತಂದುಕೊಟ್ಟ.
"ಇದು ಬೇಯಲಿಕ್ಕಿಲ್ಲ ಮಾಷ್ಟ್ರೇ, ಹಠದ ಮಾಂಸ."
ಉಪ್ಪುನೀರು ಎಷ್ಟು ಖಾರ? ಮೊಟ್ಟೆ ತೇಲುವಷ್ಟು.
ಮಾವಿನಮಿಡಿಯ ಭರಣಿಯಲ್ಲಿ ಮುಳುಗಿಸಿ, ಮೇಲೊಂದು ಕಲ್ಲಿಟ್ಟು,
ಫ್ರಿಜ್ಜಿನ ನಡುವಿನ ತಟ್ಟು ಕಿತ್ತು ಕೂರಿಸಿದಾಗ
ಸೆವ್ರಿನಾ ತನ್ನ ಮೀನಿಗೆ ಜಾಗ ಎಲ್ಲಿ ಎಂದಳು.
ಎಂಟು ದಿನ. ಕರೆಂಟು ಐದು ಸಲ ಹೋಯಿತು,
ಅಂದುಂಞಿಯ ಅಂಗಡಿಯಿಂದ ಐಸು ಐದು ಸಲ ಬಂತು.

ಒಂಬತ್ತನೆಯ ಬೆಳಗ್ಗೆ ಕೊತ್ತಂಬರಿ, ಕಾಳುಮೆಣಸು
ಅರ್ಧ ಮುರಿಯುವಂತೆ ಜಜ್ಜಿ (ಪುಡಿಯಾದರೆ ಬೈಗಳು)
ಬೂತಾಯಿಗೆ ಮಸಾಲೆ ಹಚ್ಚುವ ಕೈಯಲ್ಲೇ ಹಚ್ಚಿದೆ.
ಒಂದು ಬದಿಗೆ ಕೆಂಡ, ಅದರ ಮೇಲೆ ಹೋದ ಗಾಳಿಗೆ ಬಿದ್ದ
ಪೇರಳೆಯ ಕೊಂಬೆ. ಮುಚ್ಚಳ ಹಾಕಿದೆ.
ಹೊಗೆ ಎದ್ದಿತು.

ಹೊಗೆ ಎಂದದ್ದು ನಾನು. ಗೋಡೆಯಾಚೆ ಕಾರ್ತ್ಯಾಯನಿ
'ಪುಗ' ಎಂದು ಒಣಹಾಕಿದ ಬಟ್ಟೆ ಬಾಚಿಕೊಂಡಳು;
ತೆಂಗಿನ ತಲೆಯಲ್ಲಿದ್ದ ಐತಪ್ಪ 'ಪುಗೆ' ಎಂದು ಕೆಮ್ಮಿದ;
ಸೆವ್ರಿನಾ 'ಧುಂವರ್' ಎಂದು ಕಿಟಕಿ ಎಳೆದಳು.
ಒಂದು ಕಾಲಕ್ಕೆ ನಮ್ಮದೂ ಪೊಗೆಯೇ ಆಗಿತ್ತು.
ಬೇಳದ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದ್ದೇನೆ:
ಪಕಾರ ಹಕಾರವಾಯಿತು. ಯಾಕೆಂದು ಒಬ್ಬ ಹುಡುಗನೂ ಕೇಳಲಿಲ್ಲ.
ತುಟಿ ಮುಚ್ಚಿ ಹೇಳುತ್ತಿದ್ದವರು ಬಾಯಿ ತೆರೆದರು, ಅಷ್ಟೇ;
ಹೊಗೆಗೆ ಹೊರಡಲು ದಾರಿ ಬೇಕಿತ್ತೋ ಏನೋ.

"ವಾಸನೆ ಹೇಗಿದೆ, ಹೇಳಿ ಭಾವ."

ನನ್ನ ಕಸುಬೇ ಮಾತು. ಘಮಘಮ ಎಂದೆ.
"ಅದು ಪಾಠಪುಸ್ತಕ."
ಮೊದಲ ಮಳೆಯ ಮಣ್ಣು ಎಂದೆ.
"ಎಲ್ಲದಕ್ಕೂ ಅದನ್ನೇ ಹೇಳ್ತೀರಿ ನೀವು."
ಇಗರ್ಜಿಯ ಧೂಪ ಎಂದೆ.
"ನಾನಿನ್ನೂ ಸತ್ತಿಲ್ಲ."

ನಾಲ್ಕನೆಯ ಗಂಟೆಗೆ ಮಾಂಸ ಬೆವರತೊಡಗಿತು.
ಸೂಜಿ ನಿಂತಲ್ಲೇ ನಿಂತಿತು, ಕೆಂಡ ಒಟ್ಟಿದರೂ ಏರದು.
"ಹಾಗೇ ಅದು. ಒಳಗಿನ ನೀರು ಹೊರಗೆ ಬಂದು
ತನ್ನ ಮೈ ತಾನೇ ತಣಿಸಿಕೊಳ್ತದೆ. ಮುಟ್ಟಬೇಡಿ."
ಹಡಗಿನಲ್ಲಿ ಈ ಹೊತ್ತಿಗೆ ಹೊಸ ಹುಡುಗರು ಅಳುತ್ತಿದ್ದರಂತೆ.
ಚಾ ಕುಡಿದೆವು.
ಅವನಿಗೆ ಚಾ ಎಂದರೆ ಬಿಸಿ, ಮತ್ತು ಸಿಹಿ.

ನೆರಳು ಬಾವಿಕಟ್ಟೆ ದಾಟಿದ ಮೇಲೆ ಮುಚ್ಚಳ ಎತ್ತಿದೆ.
ಕಣ್ಣು ಉರಿಯಿತು. ಯೋಚಿಸದೆ ಹೇಳಿಬಿಟ್ಟೆ:
ನಾನು ಹೊಸ ಅಳಿಯ, ನಿಮ್ಮಮ್ಮ ಗೇರುಬೀಜ ಸುಟ್ಟ ದಿನ,
ರಾತ್ರಿ ಅಂಗಿ ಬಿಚ್ಚುವಾಗ
ತಲೆ ಒಳಗೇ ಸಿಕ್ಕಿಕೊಂಡ ಒಂದು ಗಳಿಗೆ
ಬಟ್ಟೆಯೊಳಗೆ ಏನಿತ್ತೋ, ಅದು.

ಅವನು ಕುರ್ಚಿಯ ಕೈ ಹಿಡಿದ.
ತುಂಬ ಹೊತ್ತು ಏನೂ ಹೇಳಲಿಲ್ಲ.
ಆಮೇಲೆ, ಕೆಲಸದವನ ದನಿಯಲ್ಲಿ:
"ಅಂಗಿ ಒಣಗಿತ್ತೋ, ಒದ್ದೆಯೋ?"
ಒದ್ದೆ ಎಂದೆ, ಕಂಕುಳಲ್ಲಿ.
"ಹಾಗಾದರೆ ಇನ್ನೆರಡು ಗಂಟೆ."

ಕತ್ತಲಾದ ಮೇಲೆ, ಸಾನ್ನಾ ಬೇಯಿಸುವ ತೊಂದೂರಿನಲ್ಲಿ
ಹಬೆ ಹಿಡಿಸಿ, ಎಳೆಗೆ ಅಡ್ಡ ಕೊಯ್ದದ್ದು ಅವನೇ.
ಕೈ ಏನನ್ನೂ ಮರೆತಿರಲಿಲ್ಲ.
ಹಡಗಿನದ್ದು ನಡುವೆ ದಾಸವಾಳದಂತೆ ಕೆಂಪಿರುತ್ತಿತ್ತಂತೆ;
ಆ ಉಪ್ಪು ನಮಗೆ ಸಿಗಲಿಲ್ಲ, ನಮ್ಮದು ಕಂದು.
ಕಾರ್ತ್ಯಾಯನಿಗೆ ಒಂದು ತಟ್ಟೆ ಹೋಯಿತು, ಬಟ್ಟೆಯ ದಂಡ.

ಬೋನಾ ಒಂದು ಚೂರು ಬಾಯಿಗಿಟ್ಟ. ನಿಧಾನ ಜಗಿದ.
"ಉಪ್ಪು ಸರಿ ಇದೆ."
ನನ್ನ ತೋಳು ಎಳೆದು, ಅಂಗಿಯನ್ನು ಮೂಗಿಗೆ ಒತ್ತಿಕೊಂಡ,
ನಿಂತ ಗಡಿಯಾರವನ್ನು ಕಿವಿಗೆ ಹಿಡಿದು ನೋಡುವ ಹಾಗೆ.
"ಇನ್ನೊಂದು ಸಲ ಹೇಳಿ," ಎಂದ.